ಹೆಬ್ಬೆರಳು ಹೊಂದಿಕೆಯಾಗುತ್ತಿಲ್ಲ

ನಮ್ಮ ಆಸ್ಪತ್ರೆಗೆ ಇದು ಮೂರನೇ ಸಾಫ್ಟ್‌ವೇರು.
ಮೊದಲನೆಯದರ ಹೆಸರೂ ಯಾರಿಗೂ ನೆನಪಿಲ್ಲ.
ಎರಡನೆಯದರ ಪಾಸ್‌ವರ್ಡು
ವರ್ಗವಾದ ಗುಮಾಸ್ತನ ಜೊತೆ ಗೌರಿಬಿದನೂರಿಗೆ ಹೋಯಿತು.
ಪ್ರತಿ ಸಲವೂ ತರಬೇತಿ, ಟೀ, ಎರಡೆರಡು ಬಿಸ್ಕತ್ತು;
ಪ್ರತಿ ಸಲವೂ ಹಳೇ ರೋಗಿಗಳೆಲ್ಲ
ಒಂದು ಬೆಳಿಗ್ಗೆ ಹೊಸಬರಾಗಿಬಿಡುತ್ತಾರೆ.

ಶಿಡ್ಲಘಟ್ಟದಲ್ಲಿ ಸೋಮವಾರ ಉಬ್ಬಸದವರ ದಿನ.
ಹತ್ತು ಗಂಟೆಗೆ ವರಾಂಡದ ತುಂಬ
ಬೆಂದ ಗೂಡಿನ ವಾಸನೆ ಬಂದು ಕೂತಿರುತ್ತದೆ,
ಸೆರಗಿನಲ್ಲಿ, ಬುರ್ಖಾದ ಅಂಚಿನಲ್ಲಿ,
ಊಟದ ಡಬ್ಬಿಯ ಮುಚ್ಚಳದಲ್ಲೂ.
ವಾಸನೆ ಒಂದೇ, ಕೆಮ್ಮು ಒಬ್ಬೊಬ್ಬರದೂ ಬೇರೆ.
ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆ ಯಾರದೆಂದು.
ಅದಕ್ಕೆ ಕಾಲಂ ಇಲ್ಲ.

ಇವತ್ತು ಮೊದಲು ಬಂದವರು ಖೈರುನ್ನಿಸಾ.
ಮೂವತ್ತೊಂದು ವರ್ಷ ಕುದಿನೀರಿನ ಮುಂದೆ,
ಹತ್ತೊಂಬತ್ತು ವರ್ಷ ನನ್ನ ಮುಂದೆ.
ಬೆರಳಿಡಿ ಖಾಲಾ, ಅಂದೆ.
ಇಟ್ಟರು. ಒರೆಸಿಕೊಂಡು ಇಟ್ಟರು.
ಪಾಪ, ಮಿಷನ್ನಿನ ಗಾಜನ್ನೂ ಒರೆಸಿ ಇಟ್ಟರು.
ಬಲಗೈ ಮುಗಿದು ಎಡಗೈ.
*ಹೆಬ್ಬೆರಳು ಹೊಂದಿಕೆಯಾಗುತ್ತಿಲ್ಲ, ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ.*

ಹೇಗೆ ಹೊಂದೀತು?
ನೀರು ತಿಂದ ಬೆರಳು, ಬಟ್ಟೆ ಒಗೆಯೋ ಕಲ್ಲಿನ ಹಾಗೆ ನುಣುಪು.
ಅದರ ಗೆರೆಗಳು
ಯಾರ ಯಾರ ಮದುವೆಯ ಸೀರೆಯಲ್ಲಿವೆಯೋ.

"ರೇಷನ್ ಅಂಗಡೀಲೂ ಇದೇ ಗೋಳಮ್ಮಾ,
ನಾನು ನಾನಲ್ಲ ಅಂತದೆ" ಅಂದು ನಕ್ಕರು,
ನಗು ಅರ್ಧಕ್ಕೇ ಸಿಳ್ಳೆಯಾಯಿತು.
ಓಟಿಪಿ ಮೊಮ್ಮಗನ ಫೋನಿಗೆ ಹೋಗಿತ್ತು,
ಅವನು ಚಿಂತಾಮಣಿಯಲ್ಲಿ ಪರೀಕ್ಷೆ ಬರೆಯುತ್ತಿದ್ದ.
ಕೊನೆಗೆ ಹೊಸ ನಂಬರೇ ಗತಿ.
*ಮೊದಲ ಭೇಟಿಯೇ?*
ಹೌದು ಒತ್ತದೆ ಮುಂದೆ ಹೋಗುವುದಿಲ್ಲ ಅದು.
ಒತ್ತಿದೆ.

ಡಾಕ್ಟರು ಬಂದು ಹನ್ನೊಂದು ದಿನ. ಒಳ್ಳೆಯ ಹುಡುಗ.
ಎದೆಗೆ ಸ್ಟೆತಸ್ಕೋಪಿಟ್ಟು ತುಂಬ ಹೊತ್ತು ಕೇಳಿದ,
ತೊಳೆದ ತಟ್ಟೆಯಂಥ ಪರದೆಯನ್ನು ನೋಡಿದ,
ಐದು ದಿನಕ್ಕೆ ಅಮಾಕ್ಸಿಸಿಲಿನ್ ಬರೆದ.

ನನಗೆ ಎಲ್ಲೋ ಒಂದು ಕೆಂಪು ನೆನಪಾಯಿತು.
ಏನು ಅಂತ ಗೊತ್ತಾಗಲಿಲ್ಲ, ಬರೀ ಬಣ್ಣ.
ಐದು ನಿಮಿಷ ಸಾರ್, ಅಂದು ಸ್ಟೋರಿಗೆ ಓಡಿದೆ,
ಕಾಲು ಮುರಿದ ವೀಲ್‌ಚೇರು ಸರಿಸಿ,
ಪೋಲಿಯೋ ಬ್ಯಾನರುಗಳ ಕಟ್ಟು ಸರಿಸಿ,
ನಾನು ಬಾಣಂತಿ ರಜೆಯಲ್ಲಿದ್ದ ವರ್ಷದ ರಿಜಿಸ್ಟರು.
ಎಂಬತ್ನಾಲ್ಕನೇ ಪುಟ.
ಲೂರ್ದು ಮೇರಿ ಸಿಸ್ಟರ ಗುಂಡು ಅಕ್ಷರ, ಅಡಿಗೆ ಮೂರು ಗೆರೆ:
ಪೆನ್ಸಿಲಿನ್ ಆಗದು. ಮುಖ ಊದಿತ್ತು. ನಾನೇ ನೋಡಿದೆ.

ಡಾಕ್ಟರು ಓದಿದ. ಮತ್ತೊಮ್ಮೆ ಓದಿದ.
ಏನೂ ಹೇಳದೆ ಚೀಟಿ ಹರಿದು ಬೇರೆ ಬರೆದ.
ಬರೆಯುವಾಗ ಪೆನ್ನು ಸ್ವಲ್ಪ ನಡುಗುತ್ತಿತ್ತು.

ಕಾಗದವೇ ಮೇಲು ಅಂತಲ್ಲ ನಾನು ಹೇಳುತ್ತಿರುವುದು.
ಹಿಂದಿನ ವರ್ಷದ ರಿಜಿಸ್ಟರನ್ನು ಗೆದ್ದಲು
ಬೆನ್ನುಪಟ್ಟಿಯವರೆಗೂ ಓದಿ ಮುಗಿಸಿದೆ.
ಸಿಸ್ಟರು ನಿವೃತ್ತರಾಗಿ ಕೆಜಿಎಫ್‌ನಲ್ಲಿದ್ದಾರೆ,
ಅವರಿಗೇ ಈಗ ಮರೆವು.
ನನಗೂ ಇನ್ನು ಆರೇ ವರ್ಷ ಸರ್ವೀಸು.

ಖಾಲಾ ಮಾತ್ರ ಆರಾಮಾಗಿ ಕೂತು ಪಂಪು ಎಳೆದುಕೊಂಡರು.
"ಎಳೆ ತುಂಡಾದರೆ ಗೂಡು ಬಿಸಾಕ್ತೀವಾ?
ಕೈ ಹಾಕಿ ಹುಡುಕಬೇಕು.
ಸುಡ್ತದೆ. ಸುಡ್ಲಿ."

ಆಸ್ಪತ್ರೆ ಖಾಲಿಯಾದ ಮೇಲೆ ಕೂರುತ್ತೇನೆ,
ದಿನಕ್ಕೆ ನಾಲ್ಕು ಪುಟ, ಕರೆಂಟು ಇದ್ದರೆ.
ಅಲರ್ಜಿಗೆ ಜಾಗವಿಲ್ಲ ಅಂತ ಜಿಲ್ಲಾ ಕಚೇರಿಗೆ ಎರಡು ಪತ್ರ ಹಾಕಿದ್ದಾಯಿತು;
ಅಲ್ಲಿಯವರೆಗೆ ಎಲ್ಲವೂ *ಇತರೆ* ಎಂಬ ಡಬ್ಬಿಗೆ.
ಡಬ್ಬಿ ಚಿಕ್ಕದು, ಅಕ್ಷರ ಎಣಿಸಿ ಬಾಗಿಲು ಹಾಕುತ್ತದೆ.
ಪೆನ್ಸಿಲಿನ್ ಆಗದು. ಮುಖ ಊದಿತ್ತು. ನಾನೇ ನೋ

ಅಲ್ಲಿಗೆ ನಿಂತಿತು.
ಊದಿತ್ತು ಅನ್ನುವುದನ್ನು ಅಳಿಸಿದೆ,
ಮುಖವನ್ನೂ ಅಳಿಸಿ,
ನೋಡಿದವಳಿಗೆ ಜಾಗ ಮಾಡಿದೆ.